ಒಬ್ಬ ಸಹೋದರಿಗಾಗಿ

"ಗುರುಗಳೇ, ಒಬ್ಬನಿಗಾಗಿ ಪ್ರಾರ್ಥಿಸುವವರು ಹೆಚ್ಚಾದಷ್ಟೂ ಒಳ್ಳೆಯದಲ್ಲವೇ?"

ಕೇಳಿದವನು ಜೀವರತ್ನ. ಊರಾಚೆಯ ಸಣ್ಣ ಬೈಬಲ್ ಶಾಲೆಯಲ್ಲಿ ಅವನಿಗೆ ಅದು ಕೊನೆಯ ವರ್ಷ. ಜೂನ್ ಬಂದರೆ ಕಾಲೇಜು ವಿದ್ಯಾರ್ಥಿಗಳ ನಡುವೆ ಸೇವೆ ಮಾಡಲು ಹೊರಡುವವನಿದ್ದ. ಸತ್ಯಮಿತ್ರ ಗುರುಗಳು ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದರು.

"ಒಳ್ಳೆಯದೇ" ಎಂದರು.

"ಹಾಗಾದರೆ ಶನಿವಾರದ ಉಪವಾಸ ಪ್ರಾರ್ಥನಾ ಕೂಟದಲ್ಲಿ ನನ್ನ ಕೋಣೆಯ ಗೆಳೆಯನ ವಿಷಯ ಇಡಬೇಕೆಂದಿದ್ದೇನೆ. ಹೆಸರು ಹೇಳುವುದಿಲ್ಲ. ಮೊನ್ನೆ ಅವನು ನನ್ನ ಹತ್ತಿರ ಒಂದು ಮಾತು ಹೇಳಿಕೊಂಡ. ಮೊದಲು ನಿಮಗೆ ಹೇಳುತ್ತೇನೆ, ನೀವೂ ಪ್ರಾರ್ಥಿಸಿ. ಏನಾಯಿತೆಂದರೆ..."

ಗುರುಗಳು ಕೈ ಎತ್ತಿದರು. "ತಡಿ. ವಿಷಯ ಎಲ್ಲಿಗೂ ಓಡಿಹೋಗುವುದಿಲ್ಲ. ಇಲ್ಲಿ ಕುಳಿತು ನಾಲ್ಕು ಕಾಯಿ ಸುಲಿ. ಒಂದು ಕತೆ ಹೇಳುತ್ತೇನೆ."

ಜೀವರತ್ನ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ದೇವರ ಸೇವಕನಿದ್ದ. ನಾಳೆ ನೀನು ಮಾಡಲಿರುವ ಸೇವೆಯೇ ಅವನದೂ. ತುಂಗಭದ್ರೆಯ ಈಚೆ ಮೂರು ಊರು, ಆಚೆ ನಾಲ್ಕು ಊರು, ಏಳು ಊರಿನ ಕಾಲೇಜುಗಳು ಅವನ ಪಾಲಿಗೆ ಬಂದಿದ್ದವು. ತಿಂಗಳಿಗೊಂದು ಸುತ್ತು. ಒಂದು ಸುತ್ತು ಮುಗಿಸಿ ಬಟ್ಟೆ ಒಗೆದು ಒಣಗಿಸುವಷ್ಟರಲ್ಲಿ ಮುಂದಿನ ಸುತ್ತು ಬಾಗಿಲಿಗೆ ಬಂದಿರುತ್ತಿತ್ತು. ಅವನಿಗೂ ಒಂದು ಬಾಡಿಗೆ ಮನೆಯಿತ್ತು. ಆದರೆ ಅವನು ಚೆನ್ನಾಗಿ ನಿದ್ದೆ ಮಾಡುತ್ತಿದ್ದದ್ದು ಕೆಂಪು ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ. ಚೀಲದಲ್ಲಿ ಒಂದು ಬೈಬಲ್, ಒಂದು ಟವೆಲ್, ಹತ್ತು ಹನ್ನೆರಡು ಹಾಡಿನ ಪುಸ್ತಕ, ದಾರಿಗೆ ಚುರುಮುರಿ. ಇಷ್ಟೇ ಅವನ ಸಂಸಾರ.

ಹುಡುಗರು ಅವನನ್ನು ಅಣ್ಣ ಎನ್ನುತ್ತಿದ್ದರು. ಹಾಸ್ಟೆಲಿನಲ್ಲಿ ಎರಡು ಮಂಚಗಳ ನಡುವೆ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ಹಾಸ್ಟೆಲಿನ ಸಾರನ್ನು ಮುಖ ಕಿವಿಚದೆ ಕುಡಿಯುತ್ತಿದ್ದ. ಅದೊಂದಕ್ಕೇ ಹುಡುಗರು ಅವನನ್ನು ದೇವಮನುಷ್ಯ ಎನ್ನಲು ಸಿದ್ಧರಿದ್ದರು. ಸಂಜೆ ನಾಲ್ಕರ ಮೇಲೆ ಖಾಲಿ ತರಗತಿಯಲ್ಲಿ ಹತ್ತು ಹದಿನೈದು ಜನ ಕೂಡುತ್ತಿದ್ದರು. ಪ್ಯೂನು ಬೀಗ ಹಾಕಿಬಿಟ್ಟಿದ್ದರೆ ಬೇವಿನ ಮರದ ಕೆಳಗೆ. ಎರಡು ಹಾಡು, ಒಂದು ಅಧ್ಯಾಯ, ಆಮೇಲೆ ಪ್ರಾರ್ಥನೆ, ಆಮೇಲೆ ಚಹ.

ಅವನು ಒಳ್ಳೆಯವನು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ನಿನಗೆ ಅನುಮಾನ ಬರಬಾರದು. ಭಾಷಣ ಅವನಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಕೇಳುವುದು. ಅಪ್ಪನ ಮುಂದೆ ಬಾಯಿ ಬಿಡದವರು ಅವನ ಮುಂದೆ ಬಿಡುತ್ತಿದ್ದರು. ಅವನು ನಡುವೆ ಬಾಯಿ ಹಾಕುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ, ಗಡಿಯಾರ ನೋಡುತ್ತಿರಲಿಲ್ಲ. ಎಷ್ಟೋ ಸಲ ಯಾರದೋ ಮಾತು ಮುಗಿಯಲೆಂದು ಬಸ್ಸು ತಪ್ಪಿಸಿಕೊಂಡು, ನಿಲ್ದಾಣದ ಬೆಂಚಿನ ಮೇಲೆ ಮುಂದಿನ ಬಸ್ಸಿಗೆ ಕಾದಿದ್ದಾನೆ.

ಆ ಕೂಟಗಳಲ್ಲಿ ಒಂದು ರೂಢಿಯಿತ್ತು. ನಿನಗೆ ಗೊತ್ತೇ ಇದೆ. ಕೊನೆಯಲ್ಲಿ ಎಲ್ಲರೂ ಸುತ್ತ ಕುಳಿತು ಒಬ್ಬೊಬ್ಬರಾಗಿ ಪ್ರಾರ್ಥನಾ ವಿಷಯ ಹೇಳುವುದು. ಒಬ್ಬನಿಗೆ ಪರೀಕ್ಷೆಯ ಭಯ, ಒಬ್ಬಳಿಗೆ ತಮ್ಮನ ಜ್ವರ. ಸೇವಕ ಈ ರೂಢಿಗೆ ತನ್ನದೊಂದನ್ನು ಸೇರಿಸಿದ್ದ. ಒಂದು ಊರಿನ ವಿಷಯವನ್ನು ಇನ್ನೊಂದು ಊರಿಗೆ ಒಯ್ಯುತ್ತಿದ್ದ. "ಹಿಂದಿನ ಊರಿನಲ್ಲಿ ಒಬ್ಬ ಸಹೋದರ ಹೀಗಿದ್ದಾನೆ, ಅವನಿಗಾಗಿ ಪ್ರಾರ್ಥಿಸಿ" ಎನ್ನುತ್ತಿದ್ದ. ಮುಂದಿನ ಸುತ್ತಿನಲ್ಲಿ ಬಂದು "ಆ ಸಹೋದರ ಪಾಸಾದ" ಎನ್ನುತ್ತಿದ್ದ. ಆಗ ಕಾಣದವನಿಗಾಗಿ ಕಾಣದವರು ಚಪ್ಪಾಳೆ ತಟ್ಟುತ್ತಿದ್ದರು. ಎಲ್ಲಿಯದೋ ಊರಿನಲ್ಲಿ ಗುರುತಿಲ್ಲದವರು ತನಗಾಗಿ ಮೊಣಕಾಲೂರಿದ್ದಾರೆಂದು ತಿಳಿದರೆ ಹಾಸ್ಟೆಲಿನ ಹುಡುಗನಿಗೆ ಎಷ್ಟು ಬಲ ಬರುತ್ತದೆಂದು ನೀನೇ ಯೋಚಿಸು. ಏಳು ಊರುಗಳನ್ನು ಅವನು ಹೀಗೆ ಒಂದು ದಾರದಲ್ಲಿ ಪೋಣಿಸಿದ್ದ. ಕೆಡುಕು ಬಂದದ್ದು ಈ ಒಳ್ಳೆಯ ಬಾಗಿಲಿನಿಂದಲೇ.

ಅವನಿಗೆ ಒಂದು ನಿಯಮವಿತ್ತು. ಹೆಸರು ಹೇಳುತ್ತಿರಲಿಲ್ಲ. ಒಬ್ಬ ಸಹೋದರ, ಒಬ್ಬ ಸಹೋದರಿ, ಅಷ್ಟೇ. ಆ ನಿಯಮದ ಬಗ್ಗೆ ಅವನಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ನದಿಯ ಈಚಿನ ಒಂದು ಊರಿನಲ್ಲಿ ಒಬ್ಬ ಹುಡುಗಿ ಬಿ.ಎಡ್. ಓದುತ್ತಿದ್ದಳು. ಡಿಗ್ರಿ ಓದುವಾಗಿನಿಂದ, ಎರಡು ವರ್ಷದಿಂದ, ಕೂಟಕ್ಕೆ ಬರುತ್ತಿದ್ದಳು. ವಿಷಯ ಹೇಳುವ ಸರದಿ ಬಂದಾಗ "ನಂದೇನೂ ಇಲ್ಲ" ಎಂದು ಪಕ್ಕದವಳ ಕಡೆ ನೋಡುತ್ತಿದ್ದಳು. ಅವಳ ಅವ್ವ ಬೇರೆ ಊರಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಮಗಳನ್ನು ಓದಿಸುತ್ತಿದ್ದಳು. ಹೊಲಿಯುವಾಗ ಕೀರ್ತನೆ ಹಾಡುವುದು ಆಕೆಯ ಅಭ್ಯಾಸ. ಪೆಡಲಿನ ತಾಳಕ್ಕೆ ಹಾಡು, ಹಾಡಿನ ತಾಳಕ್ಕೆ ಪೆಡಲು. ಓದು ಮುಗಿದ ಮೇಲೆ ಅದೇ ಊರಿನ ಶಾಲೆಯಲ್ಲಿ ಕೆಲಸ ಹಿಡಿದು ಅವ್ವನ ಜೊತೆಗಿರಬೇಕು ಎಂಬುದು ಹುಡುಗಿಯ ಆಸೆ. ಅವ್ವ ಹೊಲಿಯುತ್ತಿದ್ದಳು ಎಂದು ನಾನು ಹೇಳುತ್ತೇನೆ. ನಿಜವಾಗಿ ಹೊಲಿಯುತ್ತಿದ್ದಳೋ ಬೇರೇನು ಮಾಡುತ್ತಿದ್ದಳೋ ನಿನಗೆ ಬೇಡ. ಕತೆಗೆ ಒಂದು ಕಸುಬು ಬೇಕು, ಹಾಕಿದ್ದೇನೆ.

ಒಂದು ಮಧ್ಯಾಹ್ನ ಸೇವಕ ಬಸ್ಸಿಗೆ ಹೊರಟಿದ್ದ. ಆ ಹುಡುಗಿ ಕಾಲೇಜಿನ ಗೇಟಿನ ತನಕ ಜೊತೆಗೆ ಬಂದಳು. ಗೇಟು ದಾಟಿದರೂ ಹಿಂತಿರುಗಲಿಲ್ಲ. ನಿಲ್ದಾಣ ಬಂದಾಗ ಹೇಳಿದಳು.

"ಅಣ್ಣಾರ, ನಿಮಗೊಬ್ಬರಿಗೇ ಹೇಳತೀನಿ. ನನ್ನ ಸಲುವಾಗಿ ಪ್ರಾರ್ಥನಾ ಮಾಡ್ರಿ."

ಹೇಳಿದಳು. ಅವನು ಕೇಳಿದ. ಅದು ಅವಳು ಮಾಡಿದ ತಪ್ಪಲ್ಲ. ಅವಳ ಅವ್ವ ಮಾಡಿದ ತಪ್ಪೂ ಅಲ್ಲ. ಅವರ ಮನೆಗೆ ಆದದ್ದು. ತಾಯಿ ಮಗಳು ಇಬ್ಬರೇ ಅದನ್ನು ಹನ್ನೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಅದರ ಮೇಲೆ ಒಂದು ಮರ್ಯಾದೆಯ ಬದುಕು ಕಟ್ಟಿಕೊಂಡಿದ್ದರು. ಅದು ಹೊರಬಿದ್ದರೆ ಆ ಊರಿನಲ್ಲಿ ಅವರು ತಲೆ ಎತ್ತಿ ನಡೆಯುವಂತಿರಲಿಲ್ಲ.

"ಆ ಮಾತು ಏನು, ಗುರುಗಳೇ?" ಎಂದು ಜೀವರತ್ನ ಕೇಳಿದ.

"ಶೇಂಗಾ ಸುಲಿ" ಎಂದರು ಗುರುಗಳು.

ಸೇವಕ ಬಸ್ಸು ಹತ್ತಿದ. ಕಿಟಕಿಗೆ ತಲೆಯಿಟ್ಟು ಅತ್ತ. ಪಕ್ಕದಲ್ಲಿದ್ದ ರೈತ "ಯಾಕ್ರಿ, ಊರಾಗ ಯಾರಾದ್ರೂ ಹೋಗಿಬಿಟ್ಟಾರೇನು?" ಎಂದು ಕೇಳಿದನಂತೆ. ಅಷ್ಟು ಅತ್ತ. ಅವನ ಪ್ರೀತಿ ನಾಟಕವಲ್ಲ. ಅಂಥ ಭಾರವನ್ನು ತಾನೊಬ್ಬನೇ ಹೊರುವುದು ಸರಿಯಲ್ಲ, ಇನ್ನೂ ಹತ್ತು ಹೆಗಲು ಬೇಕು ಅನ್ನಿಸಿತು. ಪ್ರಾರ್ಥನೆ ಮಾಡಿ ಎಂದು ಅವಳೇ ಹೇಳಿದ್ದಾಳಲ್ಲ.

ಮುಂದಿನ ಊರಿನ ಕೂಟದಲ್ಲಿ "ಒಬ್ಬ ಸಹೋದರಿಗೆ ದೊಡ್ಡ ಕಷ್ಟವಿದೆ, ಪ್ರಾರ್ಥಿಸಿ" ಎಂದ. ಹುಡುಗರು ಪ್ರಾರ್ಥಿಸಿದರು. ಆದರೆ ಆ ಪ್ರಾರ್ಥನೆಗೆ ಉಪ್ಪು ಖಾರ ಇರಲಿಲ್ಲ. ಒಬ್ಬ ಆಕಳಿಸಿದ. ಸೇವಕನಿಗೆ ನೋವಾಯಿತು. ಅವಳ ಕಷ್ಟ ಆಕಳಿಕೆಯ ಕಷ್ಟವೇ? ಅದರ ಮುಂದಿನ ಊರಿನಲ್ಲಿ ಸ್ವಲ್ಪ ಬಿಡಿಸಿ ಹೇಳಿದ. ಆಕೆ ಬಿ.ಎಡ್. ಓದುತ್ತಾಳೆ, ಅವ್ವನಿಗೆ ಒಬ್ಬಳೇ ಮಗಳು ಎಂದ. ಈ ಸಲ ಪ್ರಾರ್ಥನೆಯಲ್ಲಿ ಜೀವ ಬಂತು. ಆಚೆ ದಡದ ಮೊದಲ ಊರಿನಲ್ಲಿ ಇನ್ನಷ್ಟು ಬಿಡಿಸಿದ. ಹುಡುಗಿಯರು ಅತ್ತರು. ಅವರ ಕಣ್ಣೀರು ನೋಡಿ ಅವನಿಗೆ ಸಮಾಧಾನವಾಯಿತು. ಕೊನೆಗೆ ಆ ಊರಿನ ಚರ್ಚಿನ ಸಭೆಯ ಹೆಂಗಸರ ಕೂಟಕ್ಕೆ ಅವನನ್ನು ಕರೆದರು. ಅಲ್ಲಿ ಪೂರ್ತಿ ಹೇಳಿದ. ಹೆಸರು ಮಾತ್ರ ಹೇಳಲಿಲ್ಲ. ನಿಯಮ ನಿಯಮವೇ.

ಜೀವರತ್ನ, ನಮ್ಮ ಸಭೆಗಳು ಎಷ್ಟು ದೊಡ್ಡವು? ಕೈಬೆರಳಿನಲ್ಲಿ ಎಣಿಸುವಷ್ಟು ಮನೆ. ಈ ಊರಿನ ಅತ್ತೆ ಆ ಊರಿನ ಚಿಕ್ಕಮ್ಮ. ಒಬ್ಬಳೇ ಮಗಳು, ಬಿ.ಎಡ್. ಓದುತ್ತಾಳೆ, ಅವ್ವ ಹೊಲಿಯುತ್ತಾಳೆ ಎಂದರೆ ಮನೆಯ ಬಾಗಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ ಹಾಗೆ. ಆಗ ಫೋನುಗಳಿರಲಿಲ್ಲ. ಇದ್ದಿದ್ದರೆ ಈ ಕತೆ ಇನ್ನೂ ಚಿಕ್ಕದಾಗುತ್ತಿತ್ತು.

ಆ ಹೆಂಗಸರಲ್ಲಿ ಒಬ್ಬಾಕೆ ತನ್ನ ತಂಗಿಗೆ ಕಾಗದ ಬರೆದಳು. ಚಾಡಿ ಹೇಳಲೆಂದಲ್ಲ, ನೀವೂ ಪ್ರಾರ್ಥಿಸಿ ಎಂದು. ಆ ತಂಗಿ ಇದ್ದದ್ದು ಹುಡುಗಿಯ ಊರಿನ ಪಕ್ಕದ ಊರಿನಲ್ಲಿ. ಆಕೆ ಪಕ್ಕದ ಸಭೆಗೂ ಹೇಳಿ ಕಳಿಸಿದಳು. ಆ ತಿಂಗಳು ಹುಡುಗಿಯ ಊರಿನ ಸಭೆಯಲ್ಲಿ ಸರಪಳಿ ಪ್ರಾರ್ಥನೆ ಇಟ್ಟಿದ್ದರು. ಬೆಳಗಿನಿಂದ ಸಂಜೆಯವರೆಗೆ ಒಂದೊಂದು ಮನೆಯವರು ಒಂದೊಂದು ಗಂಟೆ ಪ್ರಾರ್ಥಿಸಬೇಕು. ವಿಷಯ ಬರೆದ ಹಾಳೆ ಮನೆಯಿಂದ ಮನೆಗೆ ಹೋಗಬೇಕು. ಕೊಂಡಿ ಕಳಚಬಾರದು. ಹಾಳೆ ಬರೆದ ಹಿರಿಯರು ಪಕ್ಕದ ಊರಿನಿಂದ ಬಂದ ವಿಷಯವನ್ನೂ ಅದಕ್ಕೆ ಸೇರಿಸಿದರು. ಅದು ಯಾರ ಮನೆಯ ಮಾತೆಂದು ಅವರಿಗೆ ಹೊಳೆಯಲಿಲ್ಲ. ಗಂಡಸರಿಗೆ ಪಕ್ಕದ ಮನೆಯ ಮಾತು ತಿಳಿಯುವುದು ಯಾವಾಗಲೂ ತಡವಾಗಿ.

ಸಂಜೆ ಐದರಿಂದ ಆರರ ಗಂಟೆ ಹೊಲಿಗೆಯ ಅವ್ವನದು.

ಐದಕ್ಕೆ ನೆರೆಯಾಕೆ ಹಾಳೆ ತಂದುಕೊಟ್ಟಳು. ಒಬ್ಬರಿಗಿಂತ ಇಬ್ಬರು ಲೇಸು ಎಂದು ತಾನೂ ಅಲ್ಲೇ ಕುಳಿತಳು. ವಿಷಯವನ್ನು ಗಟ್ಟಿಯಾಗಿ ಓದಿ ಆಮೇಲೆ ಪ್ರಾರ್ಥಿಸುವುದು ಅಲ್ಲಿಯ ಪದ್ಧತಿ. ಅವ್ವ ಕನ್ನಡಕ ಹಾಕಿಕೊಂಡು ಓದಿದಳು. ಸಭಾಪಾಲಕರ ಮಂಡಿನೋವಿಗಾಗಿ. ಚರ್ಚಿನ ಕಂಪೌಂಡು ಗೋಡೆಗಾಗಿ. ಮಳೆಗಾಗಿ. ಒಬ್ಬ ಸಹೋದರಿಗಾಗಿ.

ಒಬ್ಬ ಸಹೋದರಿಗಾಗಿ ಎಂಬುದರ ಕೆಳಗೆ ಎಂಟು ಸಾಲುಗಳಿದ್ದವು.

ಮೂರನೆಯ ಸಾಲಿಗೆ ನೆರೆಯಾಕೆಗೆ ತಿಳಿಯಿತು. ಆಕೆ ನೆಲ ನೋಡಿದಳು. ಅವ್ವ ನಿಲ್ಲಿಸಲಿಲ್ಲ. ಅದೇ ದನಿಯಲ್ಲಿ ಎಂಟೂ ಸಾಲು ಓದಿದಳು. ಮೊಣಕಾಲೂರಿದಳು. ಸಭಾಪಾಲಕರ ಮಂಡಿಗೆ ಪ್ರಾರ್ಥಿಸಿದಳು, ಗೋಡೆಗೆ ಪ್ರಾರ್ಥಿಸಿದಳು, ಮಳೆಗೆ ಪ್ರಾರ್ಥಿಸಿದಳು. ಆಮೇಲೆ "ಆ ತಂಗಿಗೆ ಧೈರ್ಯಾ ಕೊಡು ತಂದೆ, ಆಕಿ ಅವ್ವಗೂ ಕೊಡು" ಎಂದು ಪ್ರಾರ್ಥಿಸಿದಳು. ನೆರೆಯಾಕೆ ಆಮೆನ್ ಎಂದಳು. ಆರಕ್ಕೆ ಅವ್ವ ಹಾಳೆಯನ್ನು ಬಂದ ಮಡಿಕೆಯಲ್ಲೇ ಮಡಿಸಿ, ತಾನೇ ಮುಂದಿನ ಮನೆಗೆ ಕೊಟ್ಟು ಬಂದಳು. ಕೊಂಡಿ ಕಳಚಲಿಲ್ಲ. ಮನೆಗೆ ಬಂದು ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿದಳು.

ಆ ವಾರ ಊರಿನಲ್ಲಿ ಒಬ್ಬರೂ ಆಕೆಯನ್ನು ಬೈಯಲಿಲ್ಲ. ಬೈದಿದ್ದರೆ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಲ್ಲುತ್ತಿದ್ದಳು, ಅಂಥ ಹೆಣ್ಣು. ಎಲ್ಲರೂ ಮರುಗಿದರು. ಕುಪ್ಪಸ ಹೊಲಿಸಲು ಬಂದವರು ಅಳತೆ ಕೊಟ್ಟ ಮೇಲೂ ನಿಂತರು. ಕೈ ಹಿಡಿದುಕೊಂಡರು. "ನಿಮ್ಮ ಸಲುವಾಗಿ ಪ್ರಾರ್ಥನಾ ಮಾಡಾಕತ್ತೀವಿ" ಎಂದರು. ಬೈಯುವವರ ಬಾಯಿ ಮುಚ್ಚಿಸಬಹುದು. ಮರುಗುವವರ ಬಾಯಿ ಮುಚ್ಚಿಸುವುದು ಹೇಗೆ?

ಶನಿವಾರ ಮಗಳು ಊರಿಗೆ ಬಂದಳು. ಓಣಿಯ ತಿರುವಿನಲ್ಲೇ ಕೇಳಿಸಬೇಕಿದ್ದ ಹಾಡು ಕೇಳಿಸಲಿಲ್ಲ. ಒಳಗೆ ಬಂದು ಹೊದಿಸಿದ ಯಂತ್ರ ನೋಡಿದಳು, ಅವ್ವನ ಮುಖ ನೋಡಿದಳು. ಅವ್ವ ಏನೂ ಕೇಳಲಿಲ್ಲ, ಊಟಕ್ಕೆ ಬಡಿಸಿದಳು. ನೆರೆಯಾಕೆ ಬಂದು ಹುಡುಗಿಯ ತಲೆ ಸವರಿ ಎರಡು ಮಾತು ಆಡಿ ಹೋದಳು. ಅಷ್ಟರಲ್ಲಿ ಹುಡುಗಿಗೆ ಎಲ್ಲ ತಿಳಿಯಿತು. ಅವಳು ಆ ಮಾತನ್ನು ಹೇಳಿದ್ದು ಲೋಕದಲ್ಲಿ ಒಬ್ಬನಿಗೇ.

ಮುಂದಿನ ಸುತ್ತಿನಲ್ಲಿ ಸೇವಕ ಆ ಕಾಲೇಜಿಗೆ ಬಂದಾಗ ಅವಳು ಕೂಟದಲ್ಲಿರಲಿಲ್ಲ. ಊರಿಗೆ ಹೋದವಳು ತಿರುಗಿ ಬಂದಿಲ್ಲ ಎಂದರು ಅವಳ ಕೋಣೆಯವರು. ಪರೀಕ್ಷೆಗೆ ಎರಡೇ ತಿಂಗಳಿತ್ತು. ಅವನಿಗೆ ಕಾರಣ ಹೊಳೆಯಲಿಲ್ಲ. ಕಷ್ಟ ಹೆಚ್ಚಾಗಿರಬೇಕು, ಹೋಗಿ ಧೈರ್ಯ ಹೇಳಿ ಬರೋಣ ಎಂದು ಎರಡು ಬಸ್ಸು ಬದಲಿಸಿ ಅವಳ ಊರಿಗೆ ಹೋದ. ದಾರಿಯುದ್ದಕ್ಕೂ ಹೇಳಬೇಕಾದ ವಚನಗಳನ್ನು ಬೈಬಲ್ಲಿನಲ್ಲಿ ಗುರುತು ಹಾಕಿಕೊಂಡ.

ಮನೆಯ ಬಾಗಿಲು ತೆರೆದಿತ್ತು. ಹೊಲಿಗೆ ಯಂತ್ರವನ್ನು ಅದರ ಕಬ್ಬಿಣದ ಕಾಲಿನಿಂದ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದರು. ಅಡುಗೆಮನೆಯಲ್ಲಿ ಯಾರೋ ಪಾತ್ರೆಗಳನ್ನು ಕಾಗದದಲ್ಲಿ ಸುತ್ತುವ ಸಪ್ಪಳ. ಅವ್ವ ಅವನಿಗೆ ಚಾಪೆ ಹಾಸಿದಳು, ನೀರು ಕೊಟ್ಟಳು. ಹುಡುಗಿ ಅಣ್ಣ ಎನ್ನುವ ಕಾಲೇಜು ಕೂಟದವನು ತಾನೇ ಎಂದು ಅವನು ಗುರುತು ಹೇಳಿಕೊಂಡ.

"ಗೊತ್ತೈತ್ರಿ" ಎಂದಳು ಅವ್ವ. "ಆ ತಂಗಿ ಸಲುವಾಗಿ ನಾನೂ ಪ್ರಾರ್ಥನಾ ಮಾಡೀನಿ. ಐದರಿಂದ ಆರರ ತನಕಾ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ನೀರಿನ ಲೋಟ ಕೆಳಗಿಟ್ಟ.

"ನಾ ಹೆಸರು ಹೇಳಿರಲಿಲ್ಲವ್ವಾ" ಎಂದ.

"ಹೆಸರೊಂದ ಬಿಟ್ಟು ಎಲ್ಲಾ ಬರದಿತ್ರಿ."

ಒಳಗಿನ ಕಾಗದದ ಸಪ್ಪಳ ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು. ಹುಡುಗಿ ಹೊರಗೆ ಬರಲಿಲ್ಲ. ಸೇವಕ ತಲೆ ನೆಲಕ್ಕೆ ಹಚ್ಚಿ ತಪ್ಪಾಯಿತೆಂದ. ಎಲ್ಲವನ್ನೂ ಸರಿಪಡಿಸುತ್ತೇನೆ, ಹೇಳಿದ ಪ್ರತಿ ಊರಿಗೂ ಹೋಗುತ್ತೇನೆ ಎಂದ. ಅವ್ವ ಕೈ ಅಡ್ಡ ಆಡಿಸಿ "ನೀವು ಇನ್ನ ಏನೂ ಮಾಡಬ್ಯಾಡ್ರಿ" ಎಂದಳು.

ಅಷ್ಟು ಸ್ಪಷ್ಟವಾಗಿ ಹೇಳಿದ ಮಾತನ್ನೂ ಅವನು ಕೇಳಲಿಲ್ಲ. ಕೇಳುವುದೇ ಅವನ ದೊಡ್ಡ ಗುಣ ಎಂದಿದ್ದೆ ನೋಡು. ಪಶ್ಚಾತ್ತಾಪಕ್ಕೆ ಬಿದ್ದವನ ಕಿವಿ ಸ್ವಲ್ಪ ಮಂದವಾಗುತ್ತದೆ.

ಅವನು ಹೋದ ಸುತ್ತಿನ ದಾರಿಯಲ್ಲೇ ಮತ್ತೆ ಹೊರಟ. ಮೊದಲು ಸಿಕ್ಕಿದ್ದು ಆಕಳಿಸಿದವನ ಊರು. ಕೂಟದಲ್ಲಿ ಎದ್ದು ನಿಂತು ಕೈಮುಗಿದ. "ಹೋದ ಸಲ ಒಬ್ಬ ಸಹೋದರಿಯ ವಿಷಯ ಹೇಳಿದ್ದೆ. ಹೇಳಬಾರದಿತ್ತು. ದಯವಿಟ್ಟು ಅದನ್ನು ಯಾರೂ ಆಡಬೇಡಿ" ಎಂದ. ಹದಿನೈದು ಜನರಲ್ಲಿ ಹತ್ತು ಜನ ಅದನ್ನು ಮರೆತೇಬಿಟ್ಟಿದ್ದರು. ಈಗ ಎಲ್ಲರೂ ನೆಟ್ಟಗೆ ಕುಳಿತರು. ಹೊಸಬರು ಪಕ್ಕದವರನ್ನು ಏನು ಏನು ಎಂದು ಕೇಳಿದರು. ಕೂಟ ಮುಗಿದ ಮೇಲೆ, ಹುಡುಗಿಯ ಊರಿನ ಕಡೆಯ ಒಬ್ಬ ವಿದ್ಯಾರ್ಥಿ ಚಹದ ಅಂಗಡಿಯ ತನಕ ಹಿಂದೆಯೇ ಬಂದ. ಮೆಲ್ಲಗೆ "ಅಣ್ಣಾ, ಆಕಿ ಇಂಥಾ ಊರಿನ ಟೇಲರಮ್ಮನ ಮಗಳಲ್ಲೇನು?" ಎಂದ. ಸೇವಕ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವನ ಮುಖವೇ ಹೌದೆಂದಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಒಡೆದ ಮುತ್ತನ್ನು ಬೀದಿಯಲ್ಲಿ ಹುಡುಕುತ್ತ ಹೋದರೆ ಕಾಣದವರಿಗೂ ಕಾಣುತ್ತದೆ ಎಂಬುದು ಅವನಿಗೆ ಆ ಚಹದ ಅಂಗಡಿಯಲ್ಲಿ ತಿಳಿಯಿತು. ಅವನು ಮುಂದಿನ ಊರಿಗೆ ಹೋಗಲಿಲ್ಲ.

ಆಮೇಲೆ ಅವನಿಗೆ ಇನ್ನೊಂದು ಕಷ್ಟ ಕಂಡಿತು. ತಪ್ಪು ಮಾಡಿ ತಿದ್ದಿಕೊಂಡವನು ಸಭೆಯ ಮುಂದೆ ಸಾಕ್ಷಿ ಹೇಳುವುದು ನಮ್ಮಲ್ಲಿ ವಾಡಿಕೆ. ಕುಡಿತ ಬಿಟ್ಟವನು ಹೇಳುತ್ತಾನೆ, ಕದ್ದದ್ದನ್ನು ತಿರುಗಿ ಕೊಟ್ಟವನು ಹೇಳುತ್ತಾನೆ. ಹೇಳಿ ಹಗುರಾಗುತ್ತಾನೆ. ಇವನು ಹಗುರಾಗಲು ಬಾಯಿ ತೆರೆದರೆ ಅವಳ ಮಾತು ಮತ್ತೆ ಹೊರಬರಬೇಕು. ಹೀಗೆ ಅವನಿಗೆ ಸಾಕ್ಷಿಯ ಭಾಗ್ಯವೂ ಇಲ್ಲವಾಯಿತು. ಆ ತಪ್ಪನ್ನು ಹೊತ್ತುಕೊಂಡೇ ಬಸ್ಸು ಹತ್ತಿದ, ಹೊತ್ತುಕೊಂಡೇ ಇಳಿದ.

ಸೇವೆ ಬಿಡಬೇಕೆಂದೂ ಅನ್ನಿಸಿತು. ಬಿಡಲಿಲ್ಲ. ಆದರೆ ಊರಿನಿಂದ ಊರಿಗೆ ವಿಷಯ ಒಯ್ಯುವುದನ್ನು ಬಿಟ್ಟ. ಕೂಟದಲ್ಲಿ ಯಾರಾದರೂ ತಮ್ಮ ವಿಷಯ ತಾವೇ ಹೇಳಿಕೊಂಡರೆ ಸರಿ. ಇಲ್ಲದಿದ್ದರೆ ಅವನು "ನಮ್ಮ ನಮ್ಮ ಮನಸ್ಸಿನಲ್ಲಿರುವವರಿಗಾಗಿ" ಎಂದು ಹೇಳಿ ಸುಮ್ಮನೆ ಕುಳಿತುಬಿಡುತ್ತಿದ್ದ. ಹುಡುಗರಿಗೆ ಬೇಸರವಾಯಿತು. ಅಣ್ಣನಿಗೆ ಮೊದಲಿನ ಉರಿ ಇಲ್ಲ, ಯಾರ ಮೇಲೂ ಕಾಳಜಿಯಿಲ್ಲ ಎಂದು ಆಡಿಕೊಂಡರು. ಅವನನ್ನು ಸೇವೆಗೆ ಕಳಿಸಿದ ಮೇಲಿನವರಿಗೂ ಯಾರೋ ಬರೆದರು. ಮೇಲಿನವರು ಕರೆಸಿ ಕೇಳಿದರು. ಅವನು ತಲೆ ತಗ್ಗಿಸಿ ನಿಂತ. ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ತುಟಿ ಕೂಡ ಅಲುಗಿಸದೆ ಒಂದು ಹೆಸರು ಹೇಳಿಕೊಳ್ಳುತ್ತಿದ್ದನೆಂದು ಯಾರಿಗೆ ಗೊತ್ತು?

ಎಂಟು ವರ್ಷ ಕಳೆಯಿತು. ಒಂದು ದಿನ ಮಧ್ಯಾಹ್ನ, ನದಿಯಿಂದ ಬಹಳ ದೂರದ ಒಂದು ಊರಿನ ನಿಲ್ದಾಣದಲ್ಲಿ ಅವನು ಬಸ್ಸಿಗೆ ಕಾಯುತ್ತಿದ್ದ. ಬಸ್ಸಿಳಿದ ಒಬ್ಬ ಶಾಲೆಯ ಟೀಚರು ಉತ್ತರಪತ್ರಿಕೆಗಳ ಕಟ್ಟು ಹಿಡಿದು ಅದೇ ಬೆಂಚಿನ ಇನ್ನೊಂದು ತುದಿಗೆ ಬಂದು ಕುಳಿತಳು. ಅವನು ಗುರುತಿಸಿದ. ಎದ್ದು ಹೋಗಬೇಕೋ ಕೂರಬೇಕೋ ತಿಳಿಯಲಿಲ್ಲ. ಅವಳೇ ಮಾತಾಡಿದಳು.

"ಅಣ್ಣಾರ, ನನ್ನ ಸಲುವಾಗಿ ಇನ್ನೂ ಪ್ರಾರ್ಥನಾ ಮಾಡತೀರೇನು?"

"ಮಾಡತೀನಿ."

"ಯಾರ ಜೋಡಿ?"

"ಯಾರ ಜೋಡಿನೂ ಇಲ್ಲ. ನಾನೊಬ್ಬನ."

ಅವಳು ಎದುರಿಗೆ ನೋಡುತ್ತ ಕುಳಿತಳು. ಒಂದು ಬಸ್ಸು ಬಂದು ಹೋಯಿತು. ಅವನು ಅವ್ವ ಹೇಗಿದ್ದಾಳೆಂದು ಕೇಳಲು ಧೈರ್ಯ ಸಾಲದೆ ಕೈ ಹಿಸುಕಿಕೊಂಡ. ಅವಳಿಗೆ ಅದು ತಿಳಿದಿರಬೇಕು.

"ಅವ್ವ ಮತ್ತ ಹಾಡತಾಳ್ರಿ" ಎಂದಳು. "ಬಾಗಿಲಾ ಹಾಕ್ಕೊಂಡು ಹಾಡತಾಳ."

ಅವನು ಅತ್ತ. ಅವಳು ಅವನನ್ನು ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ. ಅವನ ಅಳು ನಿಲ್ಲುವ ತನಕ ಕಾದಳು. ಆಮೇಲೆ ಉತ್ತರಪತ್ರಿಕೆಗಳ ಕಟ್ಟನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, "ಇನ್ನೊಂದ ಮಾತ ಐತಿ, ಅಣ್ಣಾರ" ಎಂದಳು.

ಹೇಳಿದಳು. ನಿಮಗೊಬ್ಬರಿಗೇ ಎಂದು ಈ ಸಲ ಹೇಳಲಿಲ್ಲ. ಅವನು ಕೇಳಿದ. ಅವನ ಬಸ್ಸು ಬಂತು, ಹೋಯಿತು. ಅದರ ಹಿಂದಿನದೂ ಬಂತು, ಹೋಯಿತು. ಮಾತು ಮುಗಿದ ಮೇಲೆ ಅವಳು ಎದ್ದು ಶಾಲೆಯ ಕಡೆ ನಡೆದಳು. ಅವನು ಮೂರನೆಯ ಬಸ್ಸು ಹತ್ತಿದ.

ಗುರುಗಳ ಕತೆ ಅಲ್ಲಿಗೆ ಮುಗಿಯಿತು. ಮೊರದಲ್ಲಿ ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ ಸೇರಿದ್ದವು. ಜೀವರತ್ನ ಬಹಳ ಹೊತ್ತು ತಡೆದುಕೊಂಡ. ತಡೆಯಲಾಗಲಿಲ್ಲ.

"ಆ ದಿನ ಅವಳು ಏನು ಹೇಳಿದಳು, ಗುರುಗಳೇ?"

ಗುರುಗಳು ಸಿಪ್ಪೆಯನ್ನು ಊದಿದರು. ಕಾಳನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದರು. ಆಮೇಲೆ ಅವನ ಕಡೆ ತಿರುಗಿದರು.

"ನಿನ್ನ ಕೋಣೆಯ ಗೆಳೆಯನ ವಿಷಯ ಏನೋ ಹೇಳಬೇಕೆಂದಿದ್ದೆಯಲ್ಲ, ಈಗ ಹೇಳು."

ಜೀವರತ್ನ ಬಾಯಿ ತೆರೆಯಲಿಲ್ಲ.